ಡಾಕ್ಟರ ತಪ್ಪು ಹೇಳುವ ಕೆಲಸ

ಫಾರ್ಮಸಿ ಓದಿ ಗಲ್ಫಿಗೆ ಹೊರಟ ನಮ್ಮ ಕಡೆಯ ಮಕ್ಕಳು ಈಗಲೂ ನನಗೆ ಫೋನು ಮಾಡುತ್ತಾರೆ. ಲೈಸೆನ್ಸ್ ಪರೀಕ್ಷೆಗೆ ಏನು ಓದಬೇಕು, ಮಲಗಲು ಬಾಡಿಗೆಯ ಬೆಡ್‌ಸ್ಪೇಸ್ ಎಲ್ಲಿ ಸಿಗುತ್ತದೆ, ಡ್ಯೂಟಿ ಎಷ್ಟು ಗಂಟೆ ಎಂದೆಲ್ಲ ಕೇಳುತ್ತಾರೆ. ಡಾಕ್ಟರು ತಪ್ಪು ಬರೆದರೆ ಅದನ್ನು ಅವರಿಗೆ ಹೇಗೆ ಹೇಳಬೇಕು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ನನ್ನ ಕೆಲಸದಲ್ಲಿ ಅತ್ಯಂತ ಕಷ್ಟದ್ದು ಅದೇ ಆಗಿತ್ತು. ಈಗ ಕುಳಿತು ಯೋಚಿಸಿದರೆ ಅತ್ಯಂತ ಖುಷಿ ಕೊಟ್ಟದ್ದೂ ಅದೇ.

ಬುರ್ಜ್ ಖಲೀಫಾ ತೆರೆದ ಮರುವರ್ಷ ನಾನು ದೇರಾದ ಔಷಧಿ ಅಂಗಡಿ ಬಿಟ್ಟು ಅಲ್ ಕೂಜ್‌ನ ಒಂದು ಕ್ಲಿನಿಕ್ಕಿಗೆ ಸೇರಿದೆ. ಒಂದು ಪಕ್ಕ ಟಯರ್ ಅಂಗಡಿ, ಇನ್ನೊಂದು ಪಕ್ಕ ಮಾರ್ಬಲ್ ಕತ್ತರಿಸುವ ಶೆಡ್ಡು. ಎಷ್ಟು ಒರೆಸಿದರೂ ಮಧ್ಯಾಹ್ನದ ಹೊತ್ತಿಗೆ ನನ್ನ ಕೌಂಟರಿನ ಮೇಲೆ ಬಿಳಿ ಪುಡಿ ಕೂತಿರುತ್ತಿತ್ತು. ಬರುವವರಲ್ಲಿ ಮುಕ್ಕಾಲು ಪಾಲು ಲೇಬರ್ ಕ್ಯಾಂಪಿನವರು. ನಾವಿದ್ದದ್ದು ನಾಲ್ಕೇ ಜನ: ಡಾಕ್ಟರ್ ಮುನೀರ್, ಸಿಸ್ಟರ್ ಲಿಸ್ಸಿ, ರಿಸೆಪ್ಷನ್ನಿನ ಫಿಲಿಪಿನೊ ಹುಡುಗಿ ಮತ್ತು ನಾನು. ಡಾಕ್ಟರು ಭಟ್ಕಳದ ನವಾಯತ ಮುಸ್ಲಿಮರು. ಮನೆಯವರೆಲ್ಲ ಬಟ್ಟೆ ವ್ಯಾಪಾರದಲ್ಲಿದ್ದರೆ ಇವರೊಬ್ಬರು ಮೆಡಿಕಲ್ ಓದಿದ್ದರು. ಲಿಸ್ಸಿ ಕೇರಳದವಳಾದರೂ ನರ್ಸಿಂಗ್ ಕಲಿತದ್ದು ಮಂಗಳೂರಿನಲ್ಲಿ. ಹಾಗಾಗಿ ನಮ್ಮ ಮೂವರ ನಡುವೆ ಕನ್ನಡವೇ ನಡೆಯುತ್ತಿತ್ತು.

ಡಾಕ್ಟರ ಕೈಗುಣ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ನಾನು ಸೇರಿದ ಮೊದಲ ದಿನವೇ ಲಿಸ್ಸಿ ಹೇಳಿದ್ದಳು, "ಸರ್ ಬೈದರೆ ಎದುರು ಮಾತಾಡ್ಬೇಡಿ. ಹತ್ತು ನಿಮಿಷ ಕಳೆದ ಮೇಲೆ ಅವರೇ ಚಾ ತರಿಸ್ತಾರೆ."

ನನ್ನ ಸರದಿ ಬರಲು ಮೂರು ತಿಂಗಳು ಬೇಕಾಯಿತು. ತಪ್ಪು ಪೂರಾ ನನ್ನದೇ. ಒಂದೇ ಹೆಸರಿನ ಇಬ್ಬರು ಬೆಂಚಿನ ಮೇಲೆ ಕುಳಿತಿದ್ದರು, ಇಬ್ಬರೂ ಮೊಹಮ್ಮದ್ ಸಲೀಂ. ಒಬ್ಬನಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬನಿಗೆ ಸೊಂಟನೋವು. ನಾನು ಹೆಸರು ಕೂಗಿದೆ, ಸೊಂಟನೋವಿನವನು ಎದ್ದು ಬಂದ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು ಹೋದ. ಕಾರ್ಡಿನ ನಂಬರು ನಾನು ನೋಡಲಿಲ್ಲ. ಸಂಜೆ ಕಂಪನಿಯ ವ್ಯಾನಿನಲ್ಲಿ ಅವನನ್ನು ಎತ್ತಿಕೊಂಡು ಬಂದರು. ಮೈಯೆಲ್ಲ ಬೆವರು, ಕೈಕಾಲು ನಡುಕ. ಗ್ಲೂಕೋಸ್ ಕೊಟ್ಟ ಮೇಲೆ ಸುಧಾರಿಸಿದ. ಡಾಕ್ಟರು ಒಳಗಿನಿಂದ ಬಂದವರೇ ನನ್ನ ಕೌಂಟರಿನ ಮೇಲೆ ಫೈಲು ಎಸೆದು, ಬೆಂಚಿನ ತುಂಬ ಕುಳಿತಿದ್ದ ಜನರ ಎದುರಿಗೆ, ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸಿದರು. "ನಿಮಗೆ ಓದ್ಲಿಕ್ಕೆ ಬರುದಿಲ್ವಾ" ಎಂಬುದು ಅದರಲ್ಲಿ ಮೆತ್ತಗಿನ ಮಾತು. ನನಗೆ ಆಗ ಐವತ್ತೊಂದು ವರ್ಷ. ಆ ರಾತ್ರಿ ಊರಿನಲ್ಲಿದ್ದ ಹೆಂಡತಿ ಜಲಜಳಿಗೆ ಫೋನಿನಲ್ಲಿ, ನಾನು ಊರಿಗೆ ಬರುತ್ತೇನೆ, ಕಟಪಾಡಿಯಲ್ಲೇ ಒಂದು ಮೆಡಿಕಲ್ ಶಾಪು ನೋಡಿಕೊಳ್ಳುತ್ತೇನೆ ಎಂದು ಹೇಳಿದ್ದೆ.

ವಾರ ಕಳೆದ ಮೇಲೆ ಡಾಕ್ಟರು ಕರೆದರು. ಗುರುವಾರ ಮಧ್ಯಾಹ್ನ. ನಮಗೆ ಒಂದರಿಂದ ನಾಲ್ಕರವರೆಗೆ ಬಿಡುವು, ಮರುದಿನ ಶುಕ್ರವಾರದ ರಜೆ. ಕೆಲಸದಿಂದ ತೆಗೆಯಲಿಕ್ಕೇ ಕರೆದದ್ದು ಎಂದುಕೊಂಡು ಹೋದೆ. ಅವರು ಮೇಜಿನ ಮೇಲೆ ಅರಬಿಯಲ್ಲಿದ್ದ ಜೆರಾಕ್ಸ್ ಹಾಳೆಗಳ ಕಟ್ಟು ಹರಡಿಕೊಂಡು ಕುಳಿತಿದ್ದರು. ಚಿಕ್ಕಂದಿನಲ್ಲಿ ಮದರಸಾದಲ್ಲಿ ಕಲಿತ ಅರಬಿಯನ್ನು ಅವರು ಕೈಬಿಟ್ಟಿರಲಿಲ್ಲ.

"ಕೂತ್ಕೊಳ್ಳಿ ಸದಾನಂದ್ರೆ. ಒಂದು ಕಥೆ ಉಂಟು" ಎಂದರು.

ಸಾವಿರದ ನೂರು ವರ್ಷಗಳ ಹಿಂದೆ ಪರ್ಷಿಯಾದಲ್ಲಿ ಒಬ್ಬ ದೊಡ್ಡ ವೈದ್ಯನಿದ್ದನಂತೆ. ಆಸ್ಪತ್ರೆಯ ಮುಖ್ಯಸ್ಥ. ರಾಜನನ್ನೂ ನೋಡುತ್ತಿದ್ದ, ಬೀದಿಯ ಬಡವನನ್ನೂ ನೋಡುತ್ತಿದ್ದ. ಗ್ರೀಕರ ಪುಸ್ತಕಗಳು ಆಗ ಅರಬಿಗೆ ಬಂದಿದ್ದವು. ಆತ ಅವರ ವೈದ್ಯವನ್ನು ಓದಿದ, ತತ್ತ್ವಜ್ಞಾನವನ್ನೂ ಓದಿದ. ದೇಹಕ್ಕೆ ಮದ್ದು ಇರುವ ಹಾಗೆ ಮನಸ್ಸಿಗೂ ಮದ್ದು ಇರಬೇಕು ಎಂದು ಅವನಿಗೆ ಹೊಳೆದದ್ದು ಅಲ್ಲಿಂದ. ಹಾಗೆ ಹೊಳೆದದ್ದನ್ನು ಅಧ್ಯಾಯ ಅಧ್ಯಾಯವಾಗಿ ಬರೆದಿಟ್ಟ. ಡಾಕ್ಟರು ಆ ಹೆಸರುಗಳನ್ನೆಲ್ಲ ಹೇಳಿದ್ದರು. ಔಷಧಿಯ ಹೆಸರಾದರೆ ನಾನು ನಿದ್ದೆಗಣ್ಣಿನಲ್ಲೂ ಸರಿಯಾಗಿ ಬರೆಯುತ್ತೇನೆ. ಈ ಹೆಸರುಗಳನ್ನು ತಪ್ಪಾಗಿ ಬರೆಯುವುದಕ್ಕಿಂತ ಬಿಟ್ಟುಬಿಡುವುದೇ ಲೇಸು.

"ಅವ ಹೇಳುದು ಎಂತ ಗೊತ್ತುಂಟಾ? ಮನುಷ್ಯನಿಗೆ ತನ್ನ ಮೇಲೆ ಪ್ರೀತಿ ಜಾಸ್ತಿ. ಹಾಗಾಗಿ ತನ್ನ ತಪ್ಪು ತನಗೆ ಕಾಣುದಿಲ್ಲ. ದಿನಾ ಜೊತೆಯಲ್ಲಿ ಇರುವ ಒಬ್ಬ ಬುದ್ಧಿ ಇದ್ದವನನ್ನು ಹಿಡಿದು, ನನ್ನ ದೋಷ ಹೇಳು ಅಂತ ಕೇಳ್ಬೇಕಂತೆ. ಹೇಳಿದ್ರೆ ಮುಖ ಗಂಟು ಹಾಕ್ಬಾರ್ದಂತೆ. ಇದು ಅವನ ಸ್ವಂತದ್ದೂ ಅಲ್ಲ. ಅವನಿಗಿಂತ ಮೊದಲಿನ ಒಬ್ಬ ಗ್ರೀಕ್ ವೈದ್ಯನದ್ದು."

"ಒಳ್ಳೆಯ ಮಾತು ಡಾಕ್ಟ್ರೆ" ಎಂದೆ. ವಿಷಯ ಎಲ್ಲಿಗೆ ಹೋಗುತ್ತಿದೆ ಎಂದು ನನಗಿನ್ನೂ ಗೊತ್ತಾಗಿರಲಿಲ್ಲ.

"ಹಾಗಾದ್ರೆ ನೀವು ಹೇಳಿ. ಪ್ರತಿ ಗುರುವಾರ, ಇದೇ ಹೊತ್ತಿಗೆ."

"ನನ್ನ ವೀಸಾ ಈ ಕ್ಲಿನಿಕ್ಕಿನದ್ದು. ನಾನು ನಿಮ್ಮ ಕೈಕೆಳಗಿನವ."

"ನನ್ನ ಕೈಬರಹದ ಮೇಲೆ ದಿನಾ ಕಣ್ಣಿಡುವವರು ನೀವೊಬ್ರೇ. ಮತ್ತೆ ಯಾರನ್ನು ಕೇಳುದು? ಲಿಸ್ಸಿಯನ್ನು ಕೇಳಿದೆ. ಅವಳು ಶಿಲುಬೆ ಗುರುತು ಮಾಡ್ಕೊಂಡು ಓಡಿಹೋದಳು."

ಮೊದಲ ಕೆಲವು ಗುರುವಾರ ನಾನು ಸಣ್ಣಪುಟ್ಟದ್ದನ್ನೇ ಹೇಳಿದೆ. ನಿಮ್ಮ ಸೊನ್ನೆ ಆರರ ಹಾಗೆ ಕಾಣುತ್ತದೆ ಎಂದೆ. ದಿನಕ್ಕೆ ಎರಡು ಸಲ ಎಂಬುದನ್ನು ಮೂರು ಸಲ ಎಂದು ಓದುವ ಹಾಗೆ ಬರೆಯುತ್ತೀರಿ ಎಂದೆ. ಅವರು ಸುಲೈಮಾನಿ ಚಹಾ ಕುಡಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ನಾಲ್ಕನೆಯ ವಾರ ಹೇಳಿದರು, "ಸದಾನಂದ್ರೆ, ಇದು ಕೈಯ ದೋಷ. ಮನುಷ್ಯನ ದೋಷ ಹೇಳಿ ಮಾರಾಯ್ರೆ."

ಹೇಳಿಯೇಬಿಟ್ಟೆ. "ಸಲೀಮನ ದಿನ ತಪ್ಪು ಮಾಡಿದ್ದು ನಾನು. ನೀವು ಬೈದದ್ದು ಸರಿ. ಆದರೆ ಬೈದದ್ದು ಅಷ್ಟು ಜನರ ಎದುರಿಗೆ. ಆ ದಿನದ ನಂತರ, ಮಾತ್ರೆ ತಿಂದು ವಾಂತಿಯಾಯಿತು, ತುರಿಕೆ ಬಂತು ಅಂತ ಹೇಳಲು ಯಾರೂ ವಾಪಸು ಬರುತ್ತಿಲ್ಲ. ಮೊದಲು ವಾರಕ್ಕೆ ನಾಲ್ಕೈದು ಜನ ಬರುತ್ತಿದ್ದರು. ಡಾಕ್ಟರು ಬೈಯುತ್ತಾರೆ ಅಂತ ಕ್ಯಾಂಪಿನಲ್ಲೆಲ್ಲ ಹೇಳಿಕೊಂಡಿದ್ದಾರೆ."

ಅವರ ಕಿವಿ ಕೆಂಪಾಯಿತು. ಲೋಟವನ್ನು ಕೆಳಗಿಟ್ಟರು, ಮತ್ತೆ ಎತ್ತಿದರು. ನನ್ನ ಕತೆ ಖಲಾಸ್ ಎಂದುಕೊಂಡೆ. ಕೊನೆಗೆ ಅವರು, "ಎಷ್ಟು ಜನ ಅಂದ್ರಿ?" ಎಂದು ಕೇಳಿದರು. ಮತ್ತೊಮ್ಮೆ ಹೇಳಿದೆ. ಅವರು ಅದನ್ನು ಪ್ರಿಸ್ಕ್ರಿಪ್ಷನ್ ಹಾಳೆಯ ಮೇಲೆ ಬರೆದುಕೊಂಡರು. ಸೊನ್ನೆಯಿಲ್ಲದ ಕಾರಣ ಓದಲು ಸುಲಭವಿತ್ತು.

ಆ ಮೇಲೆ ಸಿಟ್ಟಿನ ವಿಷಯದಲ್ಲಿ ಗ್ರೀಕರು ಹೇಳಿದ್ದನ್ನು ನನಗೆ ವಿವರಿಸಿದರು. ಮನಸ್ಸಿಗೆ ಮೂರು ಭಾಗವಂತೆ. ಯೋಚಿಸುವುದು ಒಂದು, ಸಿಟ್ಟಿಗೇಳುವುದು ಒಂದು, ಬೇಕು ಬೇಕು ಎನ್ನುವುದು ಒಂದು. ಸಿಟ್ಟನ್ನು ಕೊಂದುಹಾಕು ಎಂದು ಆ ಪರ್ಷಿಯಾದ ವೈದ್ಯನೂ ಹೇಳಲಿಲ್ಲ, ಅವನ ಗ್ರೀಕ್ ಗುರುಗಳೂ ಹೇಳಲಿಲ್ಲ. ಅದು ಯೋಚಿಸುವ ಭಾಗದ ಕೈಕೆಳಗಿದ್ದರೆ ಒಳ್ಳೆಯ ಕೆಲಸಗಾರ, ತಾನೇ ಯಜಮಾನನಾದರೆ ಮನೆ ಹಾಳು. ನಮ್ಮಲ್ಲಿಯೂ ಇಂದ್ರಿಯಗಳು ಕುದುರೆ, ಬುದ್ಧಿ ಸಾರಥಿ ಎನ್ನುತ್ತಾರೆ ಎಂದು ನಾನು ಹೇಳಿದೆ. ಡಾಕ್ಟರಿಗೆ ಬಹಳ ಖುಷಿಯಾಯಿತು. "ಕುದುರೆ ಗ್ರೀಕರಲ್ಲೂ ಉಂಟು" ಎಂದು ಹಾಳೆ ತಿರುವಿ ಹುಡುಕತೊಡಗಿದರು. ಸಂಜೆಯ ಕ್ಲಿನಿಕ್ಕು ಹತ್ತು ನಿಮಿಷ ತಡವಾಗಿ ತೆರೆಯಿತು.

ಸಿಟ್ಟು ಒಂದೇ ದಿನದಲ್ಲಿ ಹೋಗಲಿಲ್ಲ. ಆದರೆ ಬೈಯಬೇಕಾದಾಗ ಒಳಗೆ ಕರೆದು, ಬಾಗಿಲು ಹಾಕಿ ಬೈಯತೊಡಗಿದರು. ಕೌಂಟರಿನಿಂದ ಒಳಕ್ಕೆ ನಡೆಯುವಷ್ಟರಲ್ಲಿ ಸಿಟ್ಟಿನ ಅರ್ಧ ಇಳಿದಿರುತ್ತಿತ್ತು.

ಒಂದು ಗುರುವಾರ ನನ್ನ ಲೆಕ್ಕವೆಲ್ಲ ಮುಗಿದ ಮೇಲೆ ಅವರು ಕೇಳಿದರು, "ನೀವು ನನ್ನನ್ನು ಯಾವತ್ತೂ ಕೇಳ್ಲಿಲ್ವಲ್ಲ?"

ನನ್ನ ದೋಷವನ್ನು ಅವರಲ್ಲಿ ಕೇಳಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಮುಲಾಜಿಗೆ ಕೇಳಿದೆ.

"ಹಿಂದಿ ಬರುವವರ ಹತ್ರ ನೀವು ಚಂದ ಮಾತಾಡ್ತೀರಿ. ಪಶ್ತೋದವ, ಬಂಗಾಳಿಯವ ಬಂದ್ರೆ ನಿಮ್ಮ ಸ್ವರ ಜೋರಾಗ್ತದೆ. ದೋ ಸುಬಹ್, ದೋ ಶಾಮ್ ಅಂತ ಕೂಗಿ, ಯಲ್ಲಾ, ನಡಿ ಅಂತ ಕಳಿಸ್ತೀರಿ. ಅವ ಕಿವುಡ ಅಲ್ಲ ಸದಾನಂದ್ರೆ. ಅವನಿಗೆ ಭಾಷೆ ಬರುದಿಲ್ಲ ಅಷ್ಟೆ."

ನನಗೆ ಬಂದ ಸಿಟ್ಟು ಸಣ್ಣದಲ್ಲ. ಮೂವತ್ತು ವರ್ಷ ಔಷಧಿ ಕೊಟ್ಟವನಿಗೆ ಹೇಳುವ ಮಾತೇ ಇದು ಎಂದು ಆ ಸಂಜೆಯಿಡೀ ಗೊಣಗಿದೆ. ಮರುವಾರ ಒಬ್ಬ ಬಂಗಾಳಿ ಪೇಂಟರ್ ಬಂದ. ನನ್ನ ಸ್ವರ ಏರುವುದು ನನಗೇ ಕೇಳಿಸಿತು. ಆ ದಿನವೇ ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬರೆಯಲು ಶುರುಮಾಡಿದೆ. ಅರ್ಧ ಸೂರ್ಯ ಎಂದರೆ ಬೆಳಗ್ಗೆ, ಪೂರ್ತಿ ಸೂರ್ಯ ಎಂದರೆ ಮಧ್ಯಾಹ್ನ, ಚಂದ್ರ ಎಂದರೆ ರಾತ್ರಿ, ಪಕ್ಕದಲ್ಲಿ ಒಂದು ತಟ್ಟೆ ಬರೆದರೆ ಊಟದ ನಂತರ. ರೋಗಿಯ ಬಾಯಿಂದಲೇ ವಾಪಸು ಹೇಳಿಸುತ್ತಿದ್ದೆ. ಬಂಗಾಳಿಯಲ್ಲಿ ಇಪ್ಪತ್ತು ಶಬ್ದ, ಪಶ್ತೋದಲ್ಲಿ ಹತ್ತು ಶಬ್ದ ಕಲಿತೆ. ನನ್ನ ಉಚ್ಚಾರಕ್ಕೆ ಅವರು ನಗುತ್ತಿದ್ದರು. ನಕ್ಕವನು ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುತ್ತಾನೆ. ಇದನ್ನು ಯಾವ ಕಾಲೇಜೂ ನನಗೆ ಕಲಿಸಿರಲಿಲ್ಲ. ಗಲ್ಫಿಗೆ ಹೊರಟ ಮಕ್ಕಳೇ, ನೀವು ಕೌಂಟರಿನಲ್ಲಿ ನಿಲ್ಲುವ ಮೊದಲೇ ತಿಳಿದುಕೊಳ್ಳಿ.

ಮೂರನೆಯ ಭಾಗ, ಆ ಬೇಕು ಬೇಕು ಎನ್ನುವುದು, ಡಾಕ್ಟರಲ್ಲಿ ಹಲ್ವಾದ ರೂಪದಲ್ಲಿತ್ತು. ರೋಗಿಗಳಿಗೆ ಸಕ್ಕರೆ ಬಿಡಿ ಎಂದು ಉಪದೇಶಿಸುವವರ ಸ್ವಂತ ಶುಗರ್ ಗಡಿ ದಾಟಿತ್ತು. ಭಟ್ಕಳದಿಂದ ಯಾರೇ ಬರಲಿ, ಮೇಜಿನ ಕೆಳಗಿನ ಖಾನೆಯಲ್ಲಿ ಹಲ್ವಾದ ಡಬ್ಬಿ ಇರುತ್ತಿತ್ತು. ಅದನ್ನು ಗುರುವಾರದ ಪಟ್ಟಿಗೆ ಸೇರಿಸಿದೆ. ಅವರು ವಾದಕ್ಕೆ ನಿಂತರು. ಆ ಪರ್ಷಿಯಾದ ವೈದ್ಯನಿಗೂ ಜನ ಇದನ್ನೇ ಹೇಳಿದ್ದರಂತೆ. ನಿನ್ನ ಗುರುವಾದ ಆ ಗ್ರೀಕ್ ತತ್ತ್ವಜ್ಞಾನಿ ಹೊಟ್ಟೆಗಿಲ್ಲದೆ, ಬಟ್ಟೆಗಿಲ್ಲದೆ ಬದುಕಿದ, ನೀನು ಸುಖವಾಗಿದ್ದೀಯಲ್ಲ ಎಂದು ಆಡಿಕೊಂಡಿದ್ದರಂತೆ. ಗುರು ಹಾಗಿದ್ದದ್ದು ಆರಂಭದಲ್ಲಿ ಮಾತ್ರ, ಆಮೇಲೆ ಮದುವೆಯಾದ, ಮಕ್ಕಳಾದವು, ಔತಣಕ್ಕೂ ಹೋದ, ನಾನು ಅವನಿಗಿಂತ ಕಡಿಮೆಯಿದ್ದರೆ ಅದು ಅಳತೆಯಲ್ಲಿ ಮಾತ್ರ, ದಾರಿ ಒಂದೇ ಎಂದು ಆತ ಉತ್ತರಿಸಿದ್ದನಂತೆ.

"ಅಂದ್ರೆ ಔಷಧಿ ಅದೇ, ಡೋಸ್ ಬೇರೆ" ಎಂದೆ ನಾನು.

"ಅದೇ ಅದೇ."

"ಹಾಗಾದರೆ ನಿಮಗೆ ವಾರಕ್ಕೆ ಒಂದು ತುಂಡು. ಡಬ್ಬಿ ನನ್ನ ಕೌಂಟರಿನಲ್ಲಿ ಇರಲಿ."

ಡಬ್ಬಿ ಬಂತು. ಅದರ ಮೇಲೆ ಒಂದು ಸೂರ್ಯನನ್ನು ಬರೆದಿಟ್ಟೆ.

ಈಗ ಹೇಳುವುದು ಜಮಾನ್ ಖಾನ್‌ನ ವಿಷಯ. ಇದನ್ನು ಬರೆಯದಿದ್ದರೆ ಮೇಲಿನದ್ದೆಲ್ಲ ಚಹಾದ ಜೊತೆಗಿನ ಹರಟೆಯಾದೀತು.

ಕಂಪ್ಯೂಟರ್ ಸಿಸ್ಟಮ್ ಬಂದ ವರ್ಷ. ಕೈಬರಹದ ಕಷ್ಟ ಹೋಗಿ, ಪಟ್ಟಿಯಲ್ಲಿ ತಪ್ಪು ಸಾಲಿನ ಮೇಲೆ ಬೆರಳು ಒತ್ತುವ ಕಷ್ಟ ಬಂದಿತ್ತು. ಮಾಲೀಕರು ಜುಮೇರಾ ಲೇಕ್ ಟವರ್ಸ್‌ನಲ್ಲಿ ಹೊಸ ಕ್ಲಿನಿಕ್ಕು ತೆರೆಯುವವರಿದ್ದರು. ಡಾಕ್ಟರೇ ಅಲ್ಲಿಯ ಮುಖ್ಯಸ್ಥರಾಗಬೇಕೆಂದು ಅವರ ಆಸೆ. ಒಂದು ಸೋಮವಾರ ಮಧ್ಯಾಹ್ನ ಅಲ್ಲಿ ಮೀಟಿಂಗ್ ಇತ್ತು. ಹನ್ನೆರಡೂವರೆಗೆ ಜಮಾನ್ ಖಾನ್ ಬಂದ. ಪಕ್ಕದ ಶೆಡ್ಡಿನ ಮಾರ್ಬಲ್ ಕೆಲಸದವ, ಪೇಶಾವರದ ಕಡೆಯವ, ನಲವತ್ತೈದರ ಆಸುಪಾಸು. ಎದೆ ಕೆಳಗೆ ಉರಿ ಎಂದ. ಡಾಕ್ಟರು ಕುರ್ಚಿಯಿಂದ ಏಳದೆ, ಎರಡು ಪ್ರಶ್ನೆ ಕೇಳಿ, ಗ್ಯಾಸ್ಟ್ರಿಕ್ ಎಂದು ಬರೆದು ಬ್ಯಾಗು ಹೆಗಲಿಗೇರಿಸಿದರು.

ಪ್ರಿಸ್ಕ್ರಿಪ್ಷನ್ ನನ್ನ ಪರದೆಗೆ ಬಂತು. ಔಷಧಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದೇ ವಾರದಲ್ಲಿ ಎರಡು ಸಲ ಅವನು ನನ್ನಿಂದ ಗ್ಯಾಸಿನ ಸಿರಪ್ಪು ಒಯ್ದಿದ್ದ. ಎಸಿಯ ಕೆಳಗೆ ಕುಳಿತಿದ್ದರೂ ಕುತ್ತಿಗೆಯ ಮೇಲೆ ಬೆವರು. ಬಲಗೈಯಿಂದ ಎಡದವಡೆಯನ್ನು ಉಜ್ಜಿಕೊಳ್ಳುತ್ತಿದ್ದ. ನಾನು ಪಾರ್ಕಿಂಗ್‌ವರೆಗೆ ಓಡಿದೆ.

"ಡಾಕ್ಟ್ರೆ, ಜಮಾನ್ ಖಾನ್‌ನನ್ನು ನೀವು ಮುಟ್ಟಿ ನೋಡಲಿಲ್ಲ. ಕುರ್ಚಿಯಿಂದಲೇ ನೋಡಿದಿರಿ."

ಅವರು ಕಾರಿನ ಬಾಗಿಲು ಹಿಡಿದುಕೊಂಡೇ ನನ್ನನ್ನು ನೋಡಿದರು. "ಸದಾನಂದ್ರೆ, ಇವತ್ತು ಗುರುವಾರ ಅಲ್ಲ. ನೀವು ಔಷಧಿ ಕೊಡಿ" ಎಂದರು. ಕಾರು ಹೋಯಿತು.

ನಾನು ಔಷಧಿ ಕೊಡಲಿಲ್ಲ. ಜಮಾನ್ ಖಾನ್‌ನಿಗೆ, ಸ್ವಲ್ಪ ಕೂತಿರು, ಒಂದು ಮಾತ್ರೆ ಬರಲಿಕ್ಕುಂಟು ಎಂದು ಸುಳ್ಳು ಹೇಳಿ ಬೆಂಚಿನ ಮೇಲೆ ಕೂರಿಸಿದೆ. ಡಾಕ್ಟರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಇಸಿಜಿ ತೆಗೆಯಲು ಲಿಸ್ಸಿಗೆ ಬರುತ್ತಿತ್ತು. ಆದರೆ ಡಾಕ್ಟರು ಬರೆಯದೆ ತೆಗೆದು, ಅದರಲ್ಲಿ ಏನೂ ಇಲ್ಲ ಎಂದಾದರೆ ನಾಳೆ ಅವರ ಮುಖ ಹೇಗೆ ನೋಡುವುದು ಎಂದು ಯೋಚಿಸುತ್ತ ನಿಂತೆ. ಗಡಿಯಾರ ನೋಡುವುದು, ಅವನ ಕುತ್ತಿಗೆ ನೋಡುವುದು, ಇಷ್ಟೇ. ಇಪ್ಪತ್ತು ನಿಮಿಷ ಹೀಗೆ ಕಳೆಯಿತು.

ಆಮೇಲೆ ಬಾಗಿಲು ತಳ್ಳಿಕೊಂಡು ಡಾಕ್ಟರು ಬಂದರು. ಅಲ್ ಬರ್ಶಾ ದಾಟುವ ಮೊದಲೇ ಕಾರು ತಿರುಗಿಸಿದ್ದರು. ನನ್ನ ಕಡೆ ನೋಡದೆ, "ಲಿಸ್ಸಿ, ಇಸಿಜಿ" ಎಂದರು. ಕಾಗದ ಮೆಷಿನ್ನಿನಿಂದ ಒಂದು ಗೇಣು ಹೊರಗೆ ಬರುವಷ್ಟರಲ್ಲಿ ಅವರ ಮುಖ ಬದಲಾಯಿತು. ಹಾರ್ಟ್ ಅಟ್ಯಾಕ್. ನಾನು ಆಸ್ಪಿರಿನ್ ತಂದು ಜಗಿಯಲು ಕೊಟ್ಟೆ. ಆಂಬುಲೆನ್ಸ್ ಬರುವವರೆಗೂ ಡಾಕ್ಟರು ಅವನ ಪಕ್ಕದಲ್ಲಿ, ಅವನ ಬೆವರಿನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಕುಳಿತಿದ್ದರು. ಮೀಟಿಂಗಿನಿಂದ ಬಂದ ಫೋನು ಮೇಜಿನ ಮೇಲೆ ಅದುರುತ್ತಲೇ ಇತ್ತು.

ಗುರುವಾರ ಬಂತು. ಸುಲೈಮಾನಿ ತರಿಸಿದರು.

"ನೀವು ಯಾಕೆ ವಾಪಸು ಬಂದಿರಿ?" ಎಂದು ಕೇಳಿದೆ.

"ನನಗೆ ಬಂದ ಸಿಟ್ಟು ನೋಡಿ. ನೀವು ಹೇಳಿದ್ದು ಸುಳ್ಳಾಗಿದ್ರೆ ನಗು ಬರ್ತಿತ್ತು. ಇಷ್ಟು ಸಿಟ್ಟು ಯಾಕೆ ಅಂತ ಕಾರಿನಲ್ಲಿ ಯೋಚನೆ ಮಾಡಿದೆ. ನಿಜ ಆಗಿರ್ಬೇಕು ಅಂತ ಅನ್ನಿಸ್ತು. ತಿರುಗಿಸಿದೆ." ಲೋಟ ಕೆಳಗಿಟ್ಟು ಅವರು ಮುಂದುವರಿಸಿದರು. "ಈಗ ನಿಮ್ಮದು. ನನಗಿಂತ ಮೊದಲು ನಿಮಗೆ ಗೊತ್ತಾಗಿತ್ತು. ಆ ಇಪ್ಪತ್ತು ನಿಮಿಷ ನೀವು ಯಾರಿಗೆ ಹೆದರಿದ್ರಿ?"

"ನಿಮಗೆ."

"ನಾನು ಅಲ್ಲಿ ಇರ್ಲಿಲ್ಲ."

ಡಾಕ್ಟರಿಗೆ ನಿಜ ಹೇಳುವವನೆಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ. ಹೇಳುವುದರಲ್ಲಿ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ ಎಂಬುದು ಆ ದಿನ ತಿಳಿಯಿತು. ಅಂದೇ ಡಾಕ್ಟರು ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದರು. ಎದೆಯ ಆಸುಪಾಸಿನ ನೋವೆಂದು ಯಾರೇ ಬಂದರೂ, ಡಾಕ್ಟರು ಹೇಳಲಿ ಬಿಡಲಿ, ಇಸಿಜಿ ತೆಗೆಯಲು ನರ್ಸಿಗೂ ಫಾರ್ಮಸಿಸ್ಟಿಗೂ ಅಧಿಕಾರವಿದೆ ಎಂದು. ಮುಂದಿನ ವರ್ಷಗಳಲ್ಲಿ ಲಿಸ್ಸಿ ಅದನ್ನು ಬಹಳ ಸಲ ಬಳಸಿದಳು. ಹೆಚ್ಚಿನ ಸಲ ಏನೂ ಇರಲಿಲ್ಲ. ಡಾಕ್ಟರು ಒಮ್ಮೆಯೂ ಯಾಕೆ ತೆಗೆದೆ ಎಂದು ಕೇಳಲಿಲ್ಲ.

ಜಮಾನ್ ಖಾನ್ ಬದುಕಿದ. ತಿಂಗಳು ಕಳೆದು, ತೆಳ್ಳಗಾಗಿ ಬಂದ. ಡಾಕ್ಟರು ಎದ್ದು ನಿಂತು, ಬೆಂಚಿನವರಿಗೆಲ್ಲ ಕೇಳುವ ಹಾಗೆ, "ಉಸ್ ದಿನ್ ಮುಝ್‌ಸೇ ಗಲ್ತಿ ಹುಯೀ, ಖಾನ್ ಸಾಬ್" ಎಂದು ತಮ್ಮ ತಪ್ಪನ್ನು ಒಪ್ಪಿಕೊಂಡರು. ಅವನು ಗಲಿಬಿಲಿಗೊಂಡು ಸುತ್ತ ನೋಡಿದ. "ಆಪ್ ವಾಪಸ್ ಆಯೇ ನಾ, ಡಾಕ್ಟರ್ ಸಾಬ್" ಎಂದ. ಹಿಂದಿರುಗಿ ಬಂದಿರಲ್ಲ, ಅಷ್ಟು ಸಾಕು ಎಂಬ ಅರ್ಥದಲ್ಲಿ.

ಹೊಸ ಕ್ಲಿನಿಕ್ಕಿನ ಮುಖ್ಯಸ್ಥರಾಗಲು ಡಾಕ್ಟರು ಒಪ್ಪಲಿಲ್ಲ. ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಿ, ಉಳಿದ ದಿನ ಅಲ್ ಕೂಜ್‌ನಲ್ಲೇ ಇದ್ದರು. ಅಲ್ಲಿಯ ರೋಗಿಗಳಿಗೂ ಇದೇ ಕಾಯಿಲೆಗಳು, ಪ್ರಶ್ನೆಗಳು ಮಾತ್ರ ಉದ್ದ ಎನ್ನುತ್ತಿದ್ದರು. ಅರವತ್ತು ತುಂಬಿ ನಾನು ಕೆಲಸ ಬಿಡುವವರೆಗೂ ಗುರುವಾರದ ಮಾತು ತಪ್ಪಲಿಲ್ಲ. ಕೊನೆಕೊನೆಗೆ ಲಿಸ್ಸಿಯೂ ಕುರ್ಚಿ ತಂದು ಕೂರುತ್ತಿದ್ದಳು. ನಮ್ಮಿಬ್ಬರಿಗಿಂತ ಅವಳ ಪಟ್ಟಿಯೇ ಉದ್ದವಿತ್ತು. ಕೆಲಸದಲ್ಲಿ ಇಷ್ಟು ನೆಮ್ಮದಿ ಸಿಕ್ಕೀತೆಂದು ಬೈಸಿಕೊಂಡ ಆ ವಾರ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನಿವೃತ್ತಿಯ ನಂತರ ಜಲಜ ಮತ್ತು ನಾನು ಮೂರು ತಿಂಗಳು ಅಬುಧಾಬಿಯಲ್ಲಿ, ಅಲ್ ರೀಮ್ ಐಲ್ಯಾಂಡಿನಲ್ಲಿರುವ ಮಗಳ ಮನೆಯಲ್ಲಿದ್ದೆವು. ಶ್ರುತಿ ಒಂದು ಕಂಪನಿಯಲ್ಲಿ ಎಚ್‌ಆರ್. ಹದಿನೆಂಟನೆಯ ಮಹಡಿ, ಕೆಳಗೆ ಸಮುದ್ರ. ಕೈಗೆ ಕೆಲಸವಿಲ್ಲದ ನಾನು ಒಂದು ಸಂಜೆ ಅವಳನ್ನು ಕೂರಿಸಿ ಈ ಕಥೆಯೆಲ್ಲ ಹೇಳಿದೆ. ಪರ್ಷಿಯಾದ ವೈದ್ಯ, ಗ್ರೀಕರು, ಗುರುವಾರ, ಎಲ್ಲ. ಹೇಳಿ, "ನನ್ನ ತಪ್ಪು ಒಂದು ಹೇಳು" ಎಂದೆ. ಒಳ್ಳೆಯ ಅಪ್ಪನಿಗೆ ಸಿಗುವ ಉತ್ತರವನ್ನು ನಿರೀಕ್ಷಿಸಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಪಪ್ಪಾ, ಆನೆಸ್ಟ್ಲಿ? ನೀವು ನಿಮ್ಮ ಕ್ಲಿನಿಕ್ಕಿನ ಎಲ್ಲ ಪೇಷಂಟ್‌ಗಳ ಹೆಸರು ಹೇಳ್ತೀರಿ. ನಾನು ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು. ನಾನು ಆಫೀಸಿನಲ್ಲಿ ಎಂತ ಮಾಡ್ತೇನೆ ಅಂತ ಒಂದು ಸಲ ಕೂಡ ಕೇಳ್ಲಿಲ್ಲ."

ಅಡುಗೆಮನೆಯಲ್ಲಿ ಜಲಜಳ ಕೈಯ ಸೌಟು ನಿಂತದ್ದು ಗೊತ್ತಾಯಿತು. ನನ್ನ ಕಿವಿ ಬಿಸಿಯಾಯಿತು. ಸಂಬಳ ಸರಿಯಾಗಿ ಬರುತ್ತದಾ, ಊಟ ಸರಿಯಾಗಿ ಮಾಡುತ್ತೀಯಾ ಎಂದು ದಿನಾ ಕೇಳುತ್ತಿದ್ದೆನಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ.

ಮರುದಿನ ಸಂಜೆ ಆರೂವರೆಗೆ ಬಾಗಿಲು ತೆರೆದ ಸದ್ದಾಯಿತು. ನಾನು ಟಿವಿ ಆರಿಸಿದೆ.

"ಇವತ್ತು ಆಫೀಸಿನಲ್ಲಿ ಎಂತ ಕೆಲಸ ಇತ್ತು?" ಎಂದು ಕೇಳಿದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಬ್ಯಾಗನ್ನು ಕೆಳಗಿಟ್ಟು, ಚಪ್ಪಲಿ ಬಿಚ್ಚಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.